ಕಾಲೆಳೆಯುವ ನೆಂಟರು ಬಂದ ಶಾಲೆ

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ನಾವಿರುವ ಬಿಲ್ಲಿಂಗ್ಸ್ ಊರಿನಲ್ಲಿ ಒಂದು ಮಿಡಲ್ ಸ್ಕೂಲಿಗೆ ಮೆಡಿಸಿನ್ ಕ್ರೋ ಅಂತ ಹೆಸರು. ಊರಿಂದ ಫೋನ್ ಮಾಡಿದ್ದ ನನ್ನ ತಮ್ಮ, "ಅದೇನಕ್ಕಾ, ಔಷಧಿ ಕಾಗೆ?" ಅಂತ ನಕ್ಕಿದ್ದ. ಅದು ಒಬ್ಬ ಹಿರಿಯರ ಹೆಸರು. ಜೋ ಮೆಡಿಸಿನ್ ಕ್ರೋ 1913ರಲ್ಲಿ ಹುಟ್ಟಿದವರು. 2016ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಶಾಲೆ ಶುರುವಾದದ್ದೂ ಅದೇ ವರ್ಷ.

ಅವರ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಇಲ್ಲಿನ ಮೂಲನಿವಾಸಿಗಳಾದ ಕ್ರೋ ಬುಡಕಟ್ಟಿನಲ್ಲಿ ಎಂ.ಎ. ಮಾಡಿದ ಮೊದಲಿಗರು ಅವರು. 1939ರಲ್ಲಿ, ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ. ಆಮೇಲೆ ಎರಡನೇ ಮಹಾಯುದ್ಧಕ್ಕೆ ಹೋದರು. ಕ್ರೋ ಜನರಲ್ಲಿ ಯುದ್ಧನಾಯಕ ಅನ್ನಿಸಿಕೊಳ್ಳಬೇಕಾದರೆ ನಾಲ್ಕು ಕೆಲಸ ಮಾಡಿರಬೇಕು. ಬದುಕಿರುವ ಶತ್ರುವನ್ನು ಮುಟ್ಟಿ ಬರಬೇಕು, ಅವನ ಆಯುಧ ಕಿತ್ತುಕೊಳ್ಳಬೇಕು, ದಾಳಿಗೆ ಹೊರಟ ಗುಂಪನ್ನು ಮುನ್ನಡೆಸಿ ಗೆಲ್ಲಿಸಬೇಕು, ಶತ್ರುವಿನ ಕುದುರೆ ಹೊಡೆದುಕೊಂಡು ಬರಬೇಕು. ಈ ನಾಲ್ಕನ್ನೂ ಅವರು ಆ ಯುದ್ಧದಲ್ಲಿ ಮಾಡಿ ಮುಗಿಸಿದರು. ಕುದುರೆಗಳು ಹಿಟ್ಲರನ ಎಸ್‌ಎಸ್ ಪಡೆಯವರದ್ದು! ಅವನ್ನು ಓಡಿಸಿಕೊಂಡು ಬರುವಾಗ ಕ್ರೋ ಭಾಷೆಯಲ್ಲಿ ಹೊಗಳಿಕೆಯ ಹಾಡು ಹಾಡಿಕೊಂಡರಂತೆ. ಊರಿಗೆ ಮರಳಿ ದಶಕಗಟ್ಟಲೆ ಬುಡಕಟ್ಟಿನ ಇತಿಹಾಸಕಾರರಾಗಿದ್ದರು. 2009ರಲ್ಲಿ ಒಬಾಮಾ ಅವರ ಕೈಯಿಂದ ದೇಶದ ದೊಡ್ಡ ನಾಗರಿಕ ಗೌರವ ಪಡೆದರು.

ಇಂಥವರ ಹೆಸರು ಶಾಲೆಗೆ ಬಂದದ್ದು ಒಳ್ಳೆಯದೇ. ಆದರೆ ಅದು ನಗರದ ಶಾಲೆ. ಅಲ್ಲಿ ಓದುವವರಲ್ಲಿ ಹೆಚ್ಚಿನವರು ಕ್ರೋ ಮಕ್ಕಳಲ್ಲ. ಗೋಡೆಯ ಮೇಲೆ ಹೆಸರು ಬರೆಸುವುದು ಸುಲಭ. ಹನ್ನೆರಡು ವರ್ಷದ ಹುಡುಗನ ಬಾಯಲ್ಲಿ ಆ ಭಾಷೆ ನಿಲ್ಲಿಸುವುದು ಬೇರೆಯೇ ಕೆಲಸ. ಅದು ಹೇಗೆ ನಡೆಯುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ನಾನು ನೋಡಿದ್ದು ಇಲ್ಲಿಂದ ಮುಕ್ಕಾಲು ಗಂಟೆ ದೂರದಲ್ಲಿ, ಇಂಟರ್‌ಸ್ಟೇಟ್ 90 ಹಿಡಿದು ಹಾರ್ಡಿನ್ ಕಡೆಗೆ ಹೋದಾಗ.

ಹಾರ್ಡಿನ್ ಇರುವುದು ಕ್ರೋ ರಿಸರ್ವೇಶನ್ನಿನ ಅಂಚಿನಲ್ಲಿ. (ರಿಸರ್ವೇಶನ್ ಅಂದರೆ ಇಲ್ಲಿ ಮೀಸಲಾತಿ ಅಲ್ಲ, ಒಪ್ಪಂದದ ಪ್ರಕಾರ ಬುಡಕಟ್ಟಿಗೆ ಉಳಿದ ನೆಲ.) ಊರು ದಾಟಿ ಸ್ವಲ್ಪ ಹೊತ್ತಿಗೆ ಕ್ರೋ ಏಜೆನ್ಸಿ, ಅಂದರೆ ಬುಡಕಟ್ಟಿನ ಆಡಳಿತ ನಡೆಯುವ ಊರು. ಅವರದೇ ಆದ ಲಿಟಲ್ ಬಿಗ್ ಹಾರ್ನ್ ಕಾಲೇಜು ಅಲ್ಲೇ ಇದೆ, 1980ರಿಂದ. ಇನ್ನೂ ದಕ್ಷಿಣಕ್ಕೆ ಲಾಡ್ಜ್ ಗ್ರಾಸ್, ವೈಯೋಲಾ. ಪಶ್ಚಿಮದಲ್ಲಿ ಬೆಟ್ಟದ ಬುಡಕ್ಕೆ ಪ್ರಯರ್. 1851ರ ಒಪ್ಪಂದದಲ್ಲಿ ಕ್ರೋ ಜನರದ್ದು ಅಂತ ಒಪ್ಪಿಕೊಂಡ ನೆಲ ಸುಮಾರು 3 ಕೋಟಿ 80 ಲಕ್ಷ ಎಕರೆ. 1868ರಲ್ಲಿ ಅದು 80 ಲಕ್ಷಕ್ಕೆ ಇಳಿಯಿತು. ಈಗ ಸುಮಾರು 23 ಲಕ್ಷ. 1876ರಲ್ಲಿ ಬೇರೆ ಬುಡಕಟ್ಟುಗಳ ವಿರುದ್ಧ ಲಿಟಲ್ ಬಿಗ್ ಹಾರ್ನ್ ಯುದ್ಧ ಆದಾಗ ಕ್ರೋ ಯುವಕರು ಅಮೆರಿಕದ ಸೈನ್ಯಕ್ಕೆ ದಾರಿ ತೋರಿಸುವವರಾಗಿ ಹೋಗಿದ್ದರು. ಅಷ್ಟು ಸಹಾಯ ಮಾಡಿದರೂ ನೆಲ ಕರಗುವುದು ನಿಲ್ಲಲಿಲ್ಲ.

ನನ್ನ ಗೆಳತಿಯೊಬ್ಬಳು ಆ ಕಡೆಯ ಒಂದು ಮಿಡಲ್ ಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅವಳು ಕ್ರೋ ಅಲ್ಲ, ಮಿನೆಸೋಟದ ಕಡೆಯವಳು. ಆದರೆ ತರಗತಿಯಲ್ಲಿ ಕೂರುವ ಮಕ್ಕಳಲ್ಲಿ ಹೆಚ್ಚಿನವರು ಕ್ರೋ. ಶಾಲೆಯಲ್ಲಿ ಕ್ರೋ ಭಾಷೆ ಮತ್ತು ಸಂಸ್ಕೃತಿಯ ವಾರ ನಡೆಯುತ್ತದೆ, ಬಾ ಅಂತ ಕರೆದಳು. ಹೋದೆ. ಆಮೇಲೆ ಬೇರೆ ಬೇರೆ ನೆಪದಲ್ಲಿ ಹೋಗುತ್ತಲೇ ಇದ್ದೇನೆ.

ಮಿಡಲ್ ಸ್ಕೂಲ್ ಅಂದರೆ ಆರರಿಂದ ಎಂಟನೇ ತರಗತಿ. ಹನ್ನೊಂದರಿಂದ ಹದಿನಾಲ್ಕು ವರ್ಷ. ಯಾವ ದೇಶದಲ್ಲಾದರೂ ಇದು ನಾಚಿಕೆಯ ವಯಸ್ಸು. ಅಮ್ಮ ಶಾಲೆಯ ಗೇಟಿನ ತನಕ ಬಂದರೂ ಮುಜುಗರ. ಬಾಲವಾಡಿಯ ಮಕ್ಕಳು ಯಾವ ಭಾಷೆಯ ಹಾಡನ್ನೂ ಕೈ ತಟ್ಟಿ ಹಾಡಿಬಿಡುತ್ತಾರೆ. ಹೈಸ್ಕೂಲಿನವರು ಸ್ವಲ್ಪ ಬಲಿತು, ನಾನು ಯಾರು ಅಂತ ಕೇಳಿಕೊಳ್ಳಲು ಶುರು ಮಾಡಿರುತ್ತಾರೆ. ನಡುವಿನ ಈ ಮೂರು ವರ್ಷವೇ ಕಷ್ಟ. ತಪ್ಪಾಗಿ ಮಾತಾಡಿ ನಗೆಪಾಟಲಾಗುವ ಬದಲು ಮಾತೇ ಬೇಡ ಅನ್ನಿಸುವ ಕಾಲ ಇದು. ಮನೆಮಾತು ಕಳೆದುಹೋಗುವುದು ಬಹಳ ಸಲ ಈ ವಯಸ್ಸಿನಲ್ಲೇ ಅಂತ ನನ್ನ ಅನಿಸಿಕೆ.

ಕ್ರೋ ಭಾಷೆಯ ಕಥೆಯಲ್ಲಿ ಒಂದು ವಿಚಿತ್ರ ಇದೆ. ಅಮೆರಿಕದ ಬೋರ್ಡಿಂಗ್ ಶಾಲೆಗಳ ಬಗ್ಗೆ ನೀವು ಓದಿರಬಹುದು. ಮಕ್ಕಳನ್ನು ಮನೆಯಿಂದ ದೂರ ಇಟ್ಟು, ಕೂದಲು ಕತ್ತರಿಸಿ, ಮನೆಮಾತು ಆಡಿದರೆ ಶಿಕ್ಷಿಸುತ್ತಿದ್ದ ಶಾಲೆಗಳು. ಕ್ರೋ ಮಕ್ಕಳೂ ಅದನ್ನೆಲ್ಲ ಉಂಡವರೇ. ಕ್ರೋ ಏಜೆನ್ಸಿಯಲ್ಲಿ ಸರ್ಕಾರದ ಬೋರ್ಡಿಂಗ್ ಶಾಲೆ ಇತ್ತು, ಸೇಂಟ್ ಝೇವಿಯರ್‌ನಲ್ಲಿ ಪಾದ್ರಿಗಳದ್ದಿತ್ತು. ಅಷ್ಟಾದರೂ ಭಾಷೆ ಸಾಯಲಿಲ್ಲ. 1960ರ ದಶಕದಲ್ಲೂ ಒಂದನೇ ತರಗತಿಗೆ ಬರುವ ಹೆಚ್ಚಿನ ಮಕ್ಕಳ ಮೊದಲ ಮಾತು ಕ್ರೋ ಆಗಿತ್ತು. ಸುತ್ತಲಿನ ಎಷ್ಟೋ ಬುಡಕಟ್ಟುಗಳಲ್ಲಿ ಆ ಹೊತ್ತಿಗೆ ಮುದುಕರು ಮಾತ್ರ ಮಾತಾಡುತ್ತಿದ್ದರು.

ಕುಸಿತ ಶುರುವಾದದ್ದು ಆಮೇಲೆ. ಶಿಕ್ಷೆ ನಿಂತ ಮೇಲೆ! 1968ರಲ್ಲಿ ದ್ವಿಭಾಷಾ ಶಿಕ್ಷಣದ ಕಾನೂನು ಬಂತು. ಕ್ರೋ ಶಾಲೆಗಳಲ್ಲಿ ಕ್ರೋ ಕಲಿಸಲು ಹಣ ಬಂತು, ಬರೆಯುವ ಕ್ರಮ ಗಟ್ಟಿಯಾಯಿತು, ಪಠ್ಯ ಬಂದವು. ಆದರೆ ಅದೇ ಕಾಲಕ್ಕೆ ಮನೆಯೊಳಗೆ ಟಿ.ವಿ. ಬಂತು. ಕೆಲಸಕ್ಕಾಗಿ ಜನ ಬಿಲ್ಲಿಂಗ್ಸ್‌ಗೆ ಬಂದರು. ಹೊರಗಿನವರ ಜೊತೆ ಮದುವೆಗಳಾದವು. ಶಾಲೆಯಲ್ಲಿ ಪೆಟ್ಟು ತಿಂದಿದ್ದ ಅಪ್ಪ ಅಮ್ಮ, ಮಕ್ಕಳಿಗೆ ಇಂಗ್ಲಿಷ್ ಸಾಕು ಅಂದುಕೊಂಡರು. ಅಜ್ಜಿ ಕ್ರೋದಲ್ಲಿ ಕೇಳುವುದು, ಮೊಮ್ಮಗ ಇಂಗ್ಲಿಷಿನಲ್ಲಿ ಉತ್ತರಿಸುವುದು ಅಂತಾಯಿತು. ಈಗ ಚೆನ್ನಾಗಿ ಮಾತಾಡುವವರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದವರು. ಹಾಗಾಗಿ ಶಾಲೆಯಲ್ಲಿ ಪಾಠ ಇಟ್ಟರೆ ಭಾಷೆ ಉಳಿದೇ ಬಿಡುತ್ತದೆ ಅಂತ ಯಾರಾದರೂ ಹೇಳಿದರೆ ನನಗೆ ಪೂರ್ತಿ ನಂಬಿಕೆ ಬರುವುದಿಲ್ಲ. ಪಾಠ ಇದ್ದಾಗಲೇ ಅಲ್ವಾ ಅದು ಜಾರಿದ್ದು?

ಹಾಗಾದರೆ ಏನು ಉಳಿಸುತ್ತದೆ? ಇದಕ್ಕೆ ಉತ್ತರ ಬೇಕಾದರೆ ಕ್ರೋ ನಂಟಿನ ಬಗ್ಗೆ ಸ್ವಲ್ಪ ತಿಳಿಯಬೇಕು. ನಾನು ಉಡುಪಿ ಕಡೆಯವಳಾದ್ದರಿಂದ ನನಗೆ ಇದು ಬೇಗ ಹತ್ತಿತು. ತುಳುನಾಡಿನ ನಮ್ಮ 'ಬಳಿ' ಅನ್ನುವ ಕುಲದಂತೆಯೇ ಕ್ರೋ ಜನರ ಕುಲವೂ ತಾಯಿಯಿಂದ ಬರುತ್ತದೆ. ಒಂದೇ ಕುಲದವರು ಮದುವೆಯಾಗುವುದಿಲ್ಲ. ದೊಡ್ಡ ಮನೆ, ಸಿಳ್ಳೆ ನೀರು, ಜಿಡ್ಡು ಬಾಯಿ ಅಂತೆಲ್ಲ ಅರ್ಥ ಬರುವ ಹೆಸರುಗಳು. ಆದರೆ ನಮ್ಮಲ್ಲಿ ತಾಯಿಯ ಕಡೆಯ ಸೋದರಮಾವನಿಗೆ ಹೆಚ್ಚಿನ ಜಾಗ. ಅವರಲ್ಲಿ ತಂದೆಯ ಕುಲದವರಿಗೆ ಬೇರೆಯೇ ಒಂದು ಕೆಲಸ ಇದೆ. ಅಪ್ಪನ ಕುಲದ ಗಂಡಸರು, ಹೆಂಗಸರು ಎಲ್ಲರೂ ಮಗುವಿನ ಕುಲಮಾವಂದಿರು, ಕುಲದತ್ತೆಯರು. ಇವರ ಕೆಲಸ ಹೊಗಳುವುದು. ಹರಸುವುದು. ಹೆಸರಿಡುವುದು. ಮಗು ಏನಾದರೂ ಸಾಧಿಸಿದರೆ ನಾಲ್ಕು ಜನರ ಮುಂದೆ ಎದ್ದು ನಿಂತು ಅದನ್ನು ಸಾರುವುದು. ಅದಕ್ಕೆ ಮಗುವಿನ ಮನೆಯವರು ಕಂಬಳಿ, ಬಟ್ಟೆ ಅಂತ ಉಡುಗೊರೆ ಕೊಡುತ್ತಾರೆ.

ಹೊಗಳುವವರಿದ್ದರೆ ಸಾಕೇ? ತಲೆ ತಿರುಗದಂತೆ ನೋಡಿಕೊಳ್ಳುವವರೂ ಬೇಕಲ್ಲ. ಅದಕ್ಕೂ ನೆಂಟರಿದ್ದಾರೆ. ಯಾರ ಯಾರ ಅಪ್ಪಂದಿರು ಒಂದೇ ಕುಲದವರೋ ಆ ಮಕ್ಕಳೆಲ್ಲ ಒಬ್ಬರಿಗೊಬ್ಬರು ಕಾಲೆಳೆಯುವ ನೆಂಟರು. ಒಬ್ಬ ಜಂಬ ಮಾಡಿದರೆ, ತಪ್ಪು ದಾರಿ ಹಿಡಿದರೆ, ಎಡವಟ್ಟು ಮಾಡಿಕೊಂಡರೆ ಇನ್ನೊಬ್ಬರು ಎಲ್ಲರೆದುರೇ ಗೇಲಿ ಮಾಡಬಹುದು. ಮಾಡಬೇಕು ಕೂಡ. ಗೇಲಿಗೆ ಒಳಗಾದವನು ಸಿಟ್ಟು ಮಾಡಿಕೊಳ್ಳುವಂತಿಲ್ಲ. ತನ್ನ ಸರದಿ ಬರುವ ತನಕ ಕಾಯಬೇಕು, ಅಷ್ಟೇ.

ಮಿಡಲ್ ಸ್ಕೂಲಿನಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಗೇಲಿ ಮಾಡುವುದು ಎಲ್ಲ ಕಡೆಯೂ ತಲೆನೋವು. ಇಲ್ಲಿನ ಹಿರಿಯರು ಅದಕ್ಕೊಂದು ನಂಟಿನ ಕಟ್ಟು ಹಾಕಿ, ಯಾರು ಯಾರನ್ನು ಎಷ್ಟು ಗೇಲಿ ಮಾಡಬಹುದು ಅಂತ ಮೊದಲೇ ತೀರ್ಮಾನ ಮಾಡಿಟ್ಟಿದ್ದಾರೆ. ನನಗೆ ಇದು ಬಹಳ ಜಾಣತನದ ಏರ್ಪಾಡು ಅನ್ನಿಸಿತು.

ಈಗ ಆ ವಾರದ ಮಾತು. ಶಾಲೆಯ ಮೈದಾನದಲ್ಲಿ ಹುಡುಗರು ಟೀಪಿ ಗುಡಾರ ಎಬ್ಬಿಸುತ್ತಿದ್ದರು. ಬಯಲುನಾಡಿನ ಎಷ್ಟೋ ಬುಡಕಟ್ಟುಗಳು ಮೂರು ಗಳಗಳನ್ನು ಕಟ್ಟಿ ಅದರ ಮೇಲೆ ಉಳಿದವನ್ನು ಒರಗಿಸುತ್ತವೆ. ಕ್ರೋ ಟೀಪಿಗೆ ನಾಲ್ಕು ಗಳದ ಬುನಾದಿ. ಗಳಗಳೂ ಬಹಳ ಉದ್ದ, ತುದಿಗಳು ಬಟ್ಟೆಯ ಮೇಲೆ ಎಷ್ಟೋ ಎತ್ತರಕ್ಕೆ ಹರಡಿಕೊಂಡಿರುತ್ತವೆ. ಅಲ್ಲಿದ್ದ ತಾತ ಒಬ್ಬರು ಕೈ ಹಚ್ಚಲಿಲ್ಲ. ಕುರ್ಚಿಯಲ್ಲಿ ಕೂತು ಕ್ರೋದಲ್ಲೇ ಹೇಳುತ್ತಿದ್ದರು. ಎಡಕ್ಕೆ, ಬಲಕ್ಕೆ, ಇನ್ನೂ ಮೇಲಕ್ಕೆ, ಅಯ್ಯೋ ಅದಲ್ಲ. ಹುಡುಗರಿಗೆ ಪದ ಗೊತ್ತಿರಲಿ ಬಿಡಲಿ, ಗಳ ತಲೆ ಮೇಲೆ ಬೀಳಬಾರದು ಅಂದರೆ ಅರ್ಥ ಮಾಡಿಕೊಳ್ಳಲೇಬೇಕು.

ಒಳಗೆ ಜಿಮ್ಮಿನಲ್ಲಿ ಡ್ರಮ್, ಹಾಡು, ಕುಣಿತ. ಹುಡುಗಿಯರು ಎಲ್ಕ್ ಹಲ್ಲಿನ ಉಡುಪು ತೊಟ್ಟಿದ್ದರು. ಎಲ್ಕ್ ಅಂದರೆ ಕಡವೆಯ ಜಾತಿಯ ದೊಡ್ಡ ಜಿಂಕೆ. ಒಂದು ಪ್ರಾಣಿಯಲ್ಲಿ ದಂತದಂಥ ಹಲ್ಲು ಎರಡೇ ಇರುವುದು. ಉಡುಪಿನ ತುಂಬ ಸಾಲು ಸಾಲಾಗಿ ಹಲ್ಲು ಹೊಲಿದಿದ್ದರೆ ಆ ಮನೆಯಲ್ಲಿ ಒಳ್ಳೆಯ ಬೇಟೆಗಾರರಿದ್ದರು ಅಂತ ಲೆಕ್ಕ. ಈಗ ಪ್ಲಾಸ್ಟಿಕ್ ಹಲ್ಲುಗಳೂ ಸಿಗುತ್ತವೆ, ಯಾರೂ ತಪ್ಪು ತಿಳಿಯುವುದಿಲ್ಲ. ಊಟಕ್ಕೆ ಮಾಂಸದ ಸಾರು, ಎಣ್ಣೆಯಲ್ಲಿ ಕರಿದ ಫ್ರೈ ಬ್ರೆಡ್, ಕಾಡುಹಣ್ಣು ಬೇಯಿಸಿ ಮಾಡಿದ ಗಟ್ಟಿ ಪಾಯಸದಂಥದ್ದು. ಎಂಟನೇ ತರಗತಿಯ ಮಕ್ಕಳು ಮೊದಲು ಹಿರಿಯರಿಗೆ ತಟ್ಟೆ ತಲುಪಿಸಿ ಆಮೇಲೆ ತಾವು ಸಾಲಿನಲ್ಲಿ ನಿಂತರು.

ಇದೆಲ್ಲ ಚೆಂದವೇ. ಆದರೆ ನಾನು ನೆನಪಿಟ್ಟುಕೊಂಡದ್ದು ಬೇರೆ. ಏಳನೇ ತರಗತಿಯ ಒಬ್ಬ ಹುಡುಗ ಮೈಕ್ ಹಿಡಿದು ಕ್ರೋದಲ್ಲಿ ತನ್ನ ಪರಿಚಯ ಹೇಳಬೇಕಿತ್ತು. "ಕಹೇ" ಅಂದ. ನಮಸ್ಕಾರ ಅಂದ ಹಾಗೆ. ಹೆಸರು ಹೇಳಿದ. ಅಮ್ಮನ ಕುಲ ಹೇಳಿದ. ಅಪ್ಪನ ಕುಲಕ್ಕೆ ಬಂದಾಗ ತಡವರಿಸಿ ಏನೋ ಒಂದು ಅಂದುಬಿಟ್ಟ. ಬೆಂಚುಗಳ ಮೇಲಿನ ಸಾಲಿನಿಂದ ಒಬ್ಬ ಹುಡುಗಿ ಕ್ರೋದಲ್ಲಿ ಒಂದೇ ಒಂದು ವಾಕ್ಯ ಕೂಗಿದಳು. ಅಜ್ಜಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗ ಕೆಂಪಾದ, ಆದರೆ ಓಡಿಹೋಗಲಿಲ್ಲ. ಅಷ್ಟರಲ್ಲಿ ಅವನ ಅಪ್ಪನ ಕುಲದ ಅತ್ತೆಯೊಬ್ಬರು ಎದ್ದು ಬಂದರು. ಅವನ ಪಕ್ಕ ನಿಂತು, ಅವನ ಭುಜದ ಮೇಲೆ ಕೈ ಇಟ್ಟು ಸುಮಾರು ಹೊತ್ತು ಹೊಗಳಿದರು. ಹುಡುಗ ಅಜ್ಜನ ಕುದುರೆಗಳನ್ನು ನೋಡಿಕೊಳ್ಳುತ್ತಾನೆ, ತಂಗಿಗೆ ಊಟ ಹಾಕುತ್ತಾನೆ, ಅಂತೆಲ್ಲ. ಕೊನೆಗೆ ಜನ "ಅಹೋ" ಅಂದರು, ಅಂದರೆ ಧನ್ಯವಾದ.

ಆ ಹುಡುಗಿ ಅವನ ಕಾಲೆಳೆಯುವ ನೆಂಟಳು ಅಂತ ಗೆಳತಿ ಪಕ್ಕದಲ್ಲಿ ಕೂತು ಹೇಳಿದಳು. ನಂತರ ನಡೆದದ್ದು ನಾನು ನೋಡಿಲ್ಲ, ಅವಳೇ ಫೋನಿನಲ್ಲಿ ಹೇಳಿದ್ದು. ಮಾರನೇ ದಿನ ಹುಡುಗ ಕ್ರೋ ಟೀಚರ್ ಹತ್ತಿರ ಹೋಗಿ, ಆ ಹುಡುಗಿಗೆ ತಿರುಗೇಟು ಕೊಡಬೇಕು, ಒಂದು ಒಳ್ಳೆಯ ಮಾತು ಹೇಳಿಕೊಡಿ ಅಂದನಂತೆ. ಟೀಚರ್, "ನಾನು ಹೇಳಿಕೊಡುವ ಹಾಗಿಲ್ಲ, ನಿನ್ನ ಅಜ್ಜಿಯನ್ನು ಕೇಳು" ಅಂದರಂತೆ. ಇಂಗ್ಲಿಷಿನಲ್ಲಿ ಬೈದರೆ ಆಗುವುದಿಲ್ಲವೇ ಅಂತ ಕೇಳಿದ್ದಕ್ಕೆ, ಆಗುತ್ತದೆ, ಆದರೆ ಯಾರೂ ನಗುವುದಿಲ್ಲ ಅಂದರಂತೆ.

ಇದಕ್ಕಿಂತ ದೊಡ್ಡ ಕಾರಣ ಯಾವ ಪಠ್ಯಪುಸ್ತಕ ಕೊಡಬಲ್ಲದು ಹೇಳಿ? ಸಂಸ್ಕೃತಿ ಉಳಿಸಬೇಕು ಅಂತ ಹನ್ನೆರಡು ವರ್ಷದ ಹುಡುಗ ಭಾಷೆ ಕಲಿಯುವುದಿಲ್ಲ. ಆ ಹುಡುಗಿಗೆ ಉತ್ತರ ಕೊಡಲೇಬೇಕು ಅಂತ ಕಲಿಯುತ್ತಾನೆ. ಅಜ್ಜಿಯಂದಿರು ನಗಬೇಕು ಅಂತ ಕಲಿಯುತ್ತಾನೆ.

ಪಾಠ ಬೇಡ ಅಂತ ಖಂಡಿತ ಹೇಳುತ್ತಿಲ್ಲ. ಕ್ರೋ ತರಗತಿಯಲ್ಲೂ ಒಂದೆರಡು ಸಲ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನಮಗೆ ಈ ಭಾಷೆಯಲ್ಲಿ ಕೆಲವು ಸಂಗತಿ ಸಲೀಸು. ಕನ್ನಡದ ಹಾಗೆ ಹ್ರಸ್ವ ದೀರ್ಘ ಇವೆ, ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷ್ ಮಾತ್ರ ಗೊತ್ತಿರುವ ಮಕ್ಕಳಿಗೆ ಇದೇ ಕಷ್ಟ. ಜೊತೆಗೆ ಸ್ವರದ ಏರಿಳಿತ ಬೇರೆ. ನೆಂಟರ ವಿಷಯದಲ್ಲಂತೂ ಟೀಚರಿಗೆ ನಿಜವಾದ ಪೇಚು. ಅಮ್ಮ, ಅಣ್ಣ ಅಂತ ಒಂಟಿ ಪದವನ್ನು ಚೀಟಿಯ ಮೇಲೆ ಬರೆದು ತೋರಿಸಲು ಬರುವುದಿಲ್ಲ. ಯಾರ ಅಮ್ಮ, ಯಾರ ಅಣ್ಣ ಅಂತ ಪದದೊಳಗೇ ಸೇರಿರಬೇಕು. ಕೆಲವು ನೆಂಟರಿಗೆ ಹುಡುಗ ಹೇಳುವ ಪದವೇ ಬೇರೆ, ಹುಡುಗಿ ಹೇಳುವ ಪದವೇ ಬೇರೆ. ಟೀಚರ್ ಕೊನೆಗೆ ಚೀಟಿಗಳನ್ನು ಪಕ್ಕಕ್ಕಿಟ್ಟು ಮಕ್ಕಳನ್ನೇ ಸಾಲಾಗಿ ನಿಲ್ಲಿಸಿ, ಇವಳು ನಿನಗೇನಾಗಬೇಕು ಅಂತ ಕೇಳಲು ಶುರು ಮಾಡಿದರು. ಅರ್ಧ ತರಗತಿ ಒಬ್ಬರಿಗೊಬ್ಬರು ನೆಂಟರು ಅಂತ ಆಗ ಬಯಲಾಯಿತು. ಈಗ ಮೊಬೈಲಿನಲ್ಲಿ ಕ್ರೋ ನಿಘಂಟಿನ ಆ್ಯಪ್ ಇದೆ, ಉಚ್ಚಾರಣೆ ಕೇಳಬಹುದು. ಒಳ್ಳೆಯದೇ. ಆದರೆ ಇವಳು ನಿನಗೇನಾಗಬೇಕು ಅಂತ ಆ್ಯಪ್ ಹೇಳುವುದಿಲ್ಲ.

ಆ ಟೀಚರಿಗೆ ಶಿಕ್ಷಣದ ಡಿಗ್ರಿ ಇಲ್ಲ. ಮೊಂಟಾನಾದಲ್ಲಿ ಅದಕ್ಕೊಂದು ದಾರಿ ಮಾಡಿದ್ದಾರೆ, ನನಗೆ ತುಂಬ ಹಿಡಿಸಿತು. ಬುಡಕಟ್ಟು ತಾನೇ ಪರೀಕ್ಷಿಸಿ, ಇವರಿಗೆ ನಮ್ಮ ಭಾಷೆ, ಸಂಸ್ಕೃತಿ ಚೆನ್ನಾಗಿ ಗೊತ್ತು ಅಂತ ಬರೆದುಕೊಟ್ಟರೆ, ರಾಜ್ಯ ಅವರಿಗೆ ಏಳನೇ ವರ್ಗದ (ತರಗತಿಯಲ್ಲ, ಪರವಾನಗಿಯ ಬಗೆ) ಶಿಕ್ಷಕರ ಪರವಾನಗಿ ಕೊಡುತ್ತದೆ. ಯಾರಿಗೆ ಭಾಷೆ ಬರುತ್ತದೆ ಅಂತ ತೀರ್ಮಾನಿಸುವ ಹಕ್ಕು ಭಾಷೆಯವರ ಕೈಯಲ್ಲೇ ಇದೆ. ಇದೇ ರಾಜ್ಯ 1972ರಲ್ಲಿ ತನ್ನ ಸಂವಿಧಾನದಲ್ಲಿ, ಮೂಲನಿವಾಸಿಗಳ ಪರಂಪರೆಯನ್ನು ಶಿಕ್ಷಣದಲ್ಲಿ ಗೌರವಿಸುತ್ತೇವೆ ಅಂತ ಬರೆದುಕೊಂಡಿತು. ಅದನ್ನು ಜಾರಿ ಮಾಡುವ ಕಾನೂನು ಬಂದದ್ದು 1999ರಲ್ಲಿ. ಅದಕ್ಕೆ ಸರಿಯಾಗಿ ದುಡ್ಡು ಬಂದದ್ದು 2005ರಲ್ಲಿ. ಮಾತಿನಿಂದ ಕಾಸಿಗೆ ಮೂವತ್ತಮೂರು ವರ್ಷದ ದಾರಿ! ಸರ್ಕಾರಗಳು ಎಲ್ಲ ಕಡೆ ಒಂದೇ.

ನಮ್ಮ ದಕ್ಷಿಣ ಕನ್ನಡ, ಉಡುಪಿಯಲ್ಲೂ 2010ರಿಂದ ಆರನೇ ತರಗತಿಯಿಂದ ತುಳುವನ್ನು ಮೂರನೇ ಭಾಷೆಯಾಗಿ ತೆಗೆದುಕೊಳ್ಳಲು ಅವಕಾಶ ಆಯಿತು. ನನ್ನ ಅಕ್ಕನ ಮಗಳು ತೆಗೆದುಕೊಂಡಳು, ಒಳ್ಳೆಯ ಅಂಕವೂ ಬಂತು. ಮನೆಗೆ ಬಂದ ನೆಂಟರ ಜೊತೆ ಮಾತ್ರ ಕನ್ನಡವೇ, ಕೆಲವೊಮ್ಮೆ ಇಂಗ್ಲಿಷು. ಅವಳ ತಪ್ಪೇನಿಲ್ಲ. ಅವಳನ್ನು ತುಳುವಿನಲ್ಲಿ ಗೇಲಿ ಮಾಡುವ ಓರಗೆಯವರು ಯಾರೂ ಮನೆಯಲ್ಲಿಲ್ಲ. ಎಲ್ಲರೂ ಬೆಂಗಳೂರು, ಮುಂಬೈ, ದುಬೈ. ಬೇಸಿಗೆ ರಜೆಗೆ ಒಟ್ಟಿಗೆ ಸೇರಿದಾಗ ಎರಡು ವಾರ ನಾಲಿಗೆ ಸಡಿಲವಾಗುತ್ತದೆ, ಆಮೇಲೆ ಮತ್ತೆ ಅದೇ ಕಥೆ.

ಕ್ರೋ ಜನರಲ್ಲಿ ಇನ್ನೊಂದು ಗುಣ ನೋಡಿದ್ದೇನೆ. ಹೊರಗಿನವರು ತಮ್ಮ ಮೇಲೆ ಹೇರಿದ್ದನ್ನೂ ನೆಂಟರು ಸೇರುವ ಜಾಗ ಮಾಡಿಕೊಂಡುಬಿಡುತ್ತಾರೆ. ಆಗಸ್ಟಿನಲ್ಲಿ ನಡೆಯುವ ಕ್ರೋ ಫೇರ್ ನೋಡಿ. 1904ರಲ್ಲಿ ಅದನ್ನು ಶುರು ಮಾಡಿಸಿದ್ದು ಸರ್ಕಾರದ ಏಜೆಂಟ್. ಬೇಟೆಯ ಜನ ರೈತರಾಗಬೇಕು, ಕುಂಬಳಕಾಯಿ, ಧಾನ್ಯ ತಂದು ಪ್ರದರ್ಶನಕ್ಕಿಡಬೇಕು ಅಂತ ಅವನ ಯೋಜನೆ. ಅದರ ನೆಪದಲ್ಲಿ ಇವರು ಕುಣಿದರು, ಕುದುರೆ ಓಡಿಸಿದರು. ಕುಂಬಳಕಾಯಿ ಎಲ್ಲಿ ಹೋಯಿತೋ! ಈಗ ಲಿಟಲ್ ಬಿಗ್ ಹಾರ್ನ್ ನದಿಯ ದಂಡೆಯಲ್ಲಿ ಸಾವಿರಕ್ಕೂ ಹೆಚ್ಚು ಟೀಪಿಗಳು ಏಳುತ್ತವೆ. ಮಣಿ ಪೋಣಿಸಿದ ಅಲಂಕಾರ ತೊಟ್ಟ ಕುದುರೆಗಳ ಮೇಲೆ ಪುಟ್ಟ ಮಕ್ಕಳು ಕೂತು ಮೆರವಣಿಗೆ ಹೋಗುತ್ತವೆ. ಬಾಸ್ಕೆಟ್‌ಬಾಲ್ ಕೂಡ ಹಾಗೆಯೇ. ಬಂದದ್ದು ಹೊರಗಿನಿಂದ, ಈಗ ಪಂದ್ಯ ಇದ್ದ ರಾತ್ರಿ ಇಡೀ ಕುಲವೇ ಜಿಮ್ಮಿನಲ್ಲಿ. ಶಾಲೆಯನ್ನೂ ಇವರು ಒಂದು ದಿನ ಹಾಗೆ ತಮ್ಮದು ಮಾಡಿಕೊಳ್ಳಬಹುದು ಅಂತ ನನಗೆ ಆಸೆ.

ಅದಕ್ಕೆ ಸಂಸ್ಕೃತಿಯ ವಾರ ಒಂದು ಆರಂಭ, ಅಷ್ಟೇ. ಶುಕ್ರವಾರ ಸಂಜೆ ಟೀಪಿ ಇಳಿಸಿ, ಸೋಮವಾರ ಮತ್ತೆ ಇಂಗ್ಲಿಷಿನಲ್ಲಿ ಬೀಜಗಣಿತ ಅಂದರೆ ಏನೂ ಆಗುವುದಿಲ್ಲ. ನನ್ನ ಮತ ಕೇಳಿದರೆ, ಶಾಲೆ ಬಿಟ್ಟ ಮೇಲೆ ವಾರಕ್ಕೆರಡು ಸಂಜೆ ಜಿಮ್ಮನ್ನು ಹ್ಯಾಂಡ್ ಗೇಮಿಗೆ ಬಿಟ್ಟುಕೊಡಬೇಕು. ಎರಡು ತಂಡ ಎದುರುಬದುರು ಕೂತು ಆಡುವ ಆಟ ಅದು. ಒಂದು ತಂಡದವರು ಎಲ್ಕ್ ಹಲ್ಲನ್ನು ಮುಷ್ಟಿಯಲ್ಲಿ ಅಡಗಿಸಿಕೊಳ್ಳುತ್ತಾರೆ, ಇನ್ನೊಂದು ತಂಡದವರು ಯಾವ ಕೈಯಲ್ಲಿದೆ ಅಂತ ಕಂಡುಹಿಡಿಯಬೇಕು. ಅಡಗಿಸಿದವರು ಎದುರಿನವರ ದಾರಿ ತಪ್ಪಿಸಲು ಕೈ ಬೀಸುತ್ತಾರೆ, ಹಾಡುತ್ತಾರೆ, ಕೆಣಕುತ್ತಾರೆ. ಸರಿಯಾದರೆ ಅಂಕದ ಲೆಕ್ಕಕ್ಕಿಟ್ಟ ಕಡ್ಡಿ ಇತ್ತ, ತಪ್ಪಾದರೆ ಅತ್ತ. ವಸಂತಕಾಲದಲ್ಲಿ ರಿಸರ್ವೇಶನ್ನಿನ ಬೇರೆ ಬೇರೆ ಊರುಗಳ ತಂಡಗಳು ದೊಡ್ಡ ಪಂದ್ಯ ಆಡುತ್ತವೆ. ಆ ಗದ್ದಲದಲ್ಲಿ ಕೂತರೆ ತಪ್ಪು ಮಾತಾಡುವ ಹೆದರಿಕೆಗೆ ಜಾಗವೇ ಇಲ್ಲ. ಎಲ್ಲರೂ ಕೂಗುತ್ತಿರುತ್ತಾರೆ.

ಆದರೆ ಕೂಗಲು ಬಲ್ಲವರು ಅಲ್ಲಿ ಇರಬೇಕಲ್ಲ. ಅವರಿರುವುದು ಲಾಡ್ಜ್ ಗ್ರಾಸ್‌ನಲ್ಲಿ, ವೈಯೋಲಾದಲ್ಲಿ, ಪ್ರಯರ್‌ನಲ್ಲಿ. ಎಪ್ಪತ್ತು ದಾಟಿದ ಅಜ್ಜಿಯರು ಚಳಿಗಾಲದಲ್ಲಿ, ಐದು ಗಂಟೆಗೇ ಕತ್ತಲಾಗುವ ಹೊತ್ತಿನಲ್ಲಿ, ಹಿಮ ಬಿದ್ದ ರಸ್ತೆಯಲ್ಲಿ ತಾವೇ ಕಾರು ಓಡಿಸಿಕೊಂಡು ಬರುವುದು ಕಷ್ಟ. ಬಂದವರಿಗೆ ಪೆಟ್ರೋಲ್ ಖರ್ಚಾದರೂ ಕೊಡಬೇಕು, ಸಾಧ್ಯವಾದರೆ ಸಂಬಳ. ಸುಮ್ನೆ ಶಾಲು ಹೊದಿಸಿ ಕಳಿಸಿದರೆ ಸಾಲದು.

ಗೆಳತಿ ಮತ್ತು ಆ ಕ್ರೋ ಟೀಚರ್ ಸೇರಿ ಈ ವರ್ಷ ಆಡಳಿತದವರಲ್ಲಿ ಎರಡು ಬೇಡಿಕೆ ಇಟ್ಟಿದ್ದಾರೆ. ಕಾರಿಡಾರಿನಲ್ಲಿ ಹಾಕಲು ಕ್ರೋ ಪದಗಳ ದೊಡ್ಡ ಫಲಕಗಳು ಒಂದು. ಹಿರಿಯರನ್ನು ಕರೆತಂದು ಬಿಡಲು ಒಂದು ವ್ಯಾನು, ಒಬ್ಬ ಡ್ರೈವರ್ ಇನ್ನೊಂದು. ಫಲಕಗಳಿಗೆ ಒಪ್ಪಿಗೆ ಸಿಕ್ಕಿ ಅವು ಗೋಡೆಗೂ ಬಂದಿವೆ. ವ್ಯಾನಿನ ವಿಮೆ ಯಾರ ತಲೆಗೆ ಅಂತ ಇನ್ನೂ ಮೀಟಿಂಗ್ ನಡೆಯುತ್ತಿದೆ. ಅಲ್ಲಿಯ ತನಕ ಮಂಗಳವಾರ ಸಂಜೆ ಗೆಳತಿಯೇ ತನ್ನ ಹಳೇ ಸುಬಾರುನಲ್ಲಿ ಮೂವರು ಅಜ್ಜಿಯರನ್ನು ಕೂರಿಸಿಕೊಂಡು ಬರುತ್ತಾಳೆ. ದಾರಿಯುದ್ದಕ್ಕೂ ಅವರು ಕ್ರೋದಲ್ಲಿ ಅವಳ ಡ್ರೈವಿಂಗ್ ಬಗ್ಗೆಯೇ ಮಾತಾಡಿಕೊಂಡು ನಗುತ್ತಾರೆ ಅಂತ ಅವಳಿಗೆ ಅನುಮಾನ.